ಕುರ್ಚಿಯ ಮೇಲಿನ ಹೆಸರು

ಪ್ರೀತಿಯ ಮಾಮೂ,

ನಿಮ್ಮ ಅಕ್ಕನ ಮಗ ಇಮ್ತಿಯಾಜನ ಸಲಾಂ. ನೀವು ನಮ್ಮನ್ನೆಲ್ಲ ಅಗಲಿ ಹೋದ ಮೇಲೆ, ನಿಮಗೆ ಫೋನು ಮಾಡುತ್ತಿದ್ದ ಭಾನುವಾರದ ಹೊತ್ತು ಹಾಗೇ ಖಾಲಿ ಬಿದ್ದಿದೆ. ಬೇರೆ ಯಾರಿಗೂ ಅದನ್ನು ಬಾಡಿಗೆಗೆ ಕೊಡಲು ಮನಸ್ಸಾಗದೆ ಈ ಕಾಗದ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡುತ್ತಿದ್ದುದು ಉರ್ದು ನಿಜ. ಆದರೆ ರಾಣೆಬೆನ್ನೂರಿನ ಅಡುಗೆಮನೆಗಳಲ್ಲಿ ಸ್ಟೀಲಿನ ಪಾತ್ರೆಗಳ ಮೇಲೆ ಉಳಿದಿರುವ ನಿಮ್ಮ ಕೈಬರಹ ಕನ್ನಡದ್ದಲ್ಲವೇ? ಅದಕ್ಕೇ ಕನ್ನಡ. ಗೆದ್ದ ಸುದ್ದಿಯೊಂದಿದೆ. ಆದರೆ ಗಿರಾಕಿ ಇನ್ನೂ ನಿಂತಿರುವಾಗಲೇ ಒಳ್ಳೆಯ ಮಾಲನ್ನು ಕೆಳಗಿಳಿಸಬೇಡ ಎಂದು ಬೈದವರು ನೀವೇ. ಸ್ವಲ್ಪ ಕೂತುಕೊಳ್ಳಿ.

ಮದುವೆ ಸೀಸನ್ನಿನಲ್ಲಿ ಸೆರಗಿನಡಿ ಡಬ್ಬಿ ಮುಚ್ಚಿಕೊಂಡು ಬರುತ್ತಿದ್ದ ಹೆಂಗಸರು ನೆನಪಿದ್ದಾರೆಯೇ? ಹೊಸ ಪಾತ್ರೆ ಕೊಳ್ಳುವವರು ನಮ್ಮ ಅಂಗಡಿಗೆ ಎದೆಯುಬ್ಬಿಸಿ ಬಂದರೆ, ಇವರು ಅತ್ತಿತ್ತ ನೋಡಿ ಒಳಗೆ ನುಸುಳುತ್ತಿದ್ದರು. ತಮಗೆ ಉಡುಗೊರೆಯಾಗಿ ಬಂದ ಪಾತ್ರೆಯನ್ನು ಇನ್ನೊಬ್ಬರ ಮದುವೆಗೆ ದಾಟಿಸಬೇಕು, ಆದರೆ ಅದರ ಮೇಲೆ ಮೊದಲು ಕೊಟ್ಟವರ ಹೆಸರು ಕುಳಿತಿದೆ: ‘ಸಪ್ರೇಮ ಉಡುಗೊರೆ, ಇಂಥವರಿಂದ’ ಎಂದು. ನೀವು ಕನ್ನಡಕ ಏರಿಸಿ, ಹೆಸರು ಕೊರೆಯುವ ಮಷೀನು ಹಚ್ಚಿ, ಹಳೆಯ ಹೆಸರಿನ ಮೇಲೆ ಬಳ್ಳಿ ಹಬ್ಬಿಸುತ್ತಿದ್ದಿರಿ. ಎಲೆ, ಮೊಗ್ಗು, ಹೂವು... ನೋಡನೋಡುತ್ತ ಹೆಸರು ಗಿಡದೊಳಗೆ ಮರೆಯಾಗುತ್ತಿತ್ತು. ಪಕ್ಕದಲ್ಲಿ ಹೊಸ ಹೆಸರು. ‘ಸಪ್ರೇಮ ಉಡುಗೊರೆ’ ಮಾತ್ರ ಇದ್ದಲ್ಲೇ ಇರುತ್ತಿತ್ತು. “ಪ್ರೇಮ ಯಾಕ ಅಳಸೂದು? ಅದು ಎಲ್ಲಾರಿಗೂ ಹೊಂದ್ತೈತಿ. ಹೆಸರಷ್ಟ ಬದಲಿ ಆದ್ರ ಸಾಕು,” ಎನ್ನುತ್ತಿದ್ದಿರಿ.

ಆ ಮಷೀನನ್ನು ನನ್ನ ಕೈಗೆ ಕೊಟ್ಟಿದ್ದು ಒಂದೇ ಒಂದು ದಿನ. ಬಿ.ಕಾಂ. ಫೇಲಾಗಿ ಬಂದವನಿಗೆ ಒಂದು ಕಸುಬಾದರೂ ಇರಲಿ ಎಂಬ ಕರುಣೆ. ನಾನು ಬಹಳ ಶ್ರದ್ಧೆಯಿಂದ, ನಾಲಿಗೆ ಕಚ್ಚಿಕೊಂಡು, ಒಂದು ದೊಡ್ಡ ಕೊಡದ ಮೇಲೆ ‘ಸಪ್ರೇತ ಉಡುಗೊರೆ’ ಎಂದು ಕೊರೆದೆ. ನೀವು ಓದಿದಿರಿ. ಇನ್ನೊಮ್ಮೆ ಓದಿದಿರಿ. “ಲೇ ಇಮ್ತಿ, ಮದವಿಗೆ ದೆವ್ವಾ ಕಳಸ್ತೀಯೇನಲೇ? ಇಡು ಕೆಳಗ! ನಿನ್ನ ಕೈ ನಡಗತೈತಿ, ಬಾಯಿ ನಡಗೂದಿಲ್ಲ. ಗಲ್ಲೇದ ಮುಂದ ನಿಂದ್ರು, ಮಾತಾಡು.” ಅಂದಿನಿಂದ ನನ್ನ ಬಂಡವಾಳವೆಲ್ಲ ಬಾಯಲ್ಲೇ. ಕುಕ್ಕರ್ ಕೇಳಲು ಬಂದವಳು ಕುಕ್ಕರ್, ಇಡ್ಲಿ ಪಾತ್ರೆ, ಮೊಮ್ಮಗಳಿಗೊಂದು ಬೆಳ್ಳಿ ಬಣ್ಣದ ಲೋಟ ತೆಗೆದುಕೊಂಡು ಹೋಗುವಾಗ ನೀವು ಹಿಂದೆ ಕೂತು ಮೀಸೆಯಡಿ ನಗುತ್ತಿದ್ದುದು ನನಗೆ ಕಾಣುತ್ತಿರಲಿಲ್ಲ ಅಂದುಕೊಂಡಿರಾ?

ಸ್ಟಾಕ್‌ಹೋಮಿಗೆ ಬಂದ ಮೊದಲ ಚಳಿಗಾಲದಲ್ಲಿ ಆ ಬಂಡವಾಳವೇ ಮುಳುಗಿತು, ಮಾಮೂ. ನಿಮ್ಮ ಸೊಸೆ ಶಬಾನಾಳಿಗೆ ಇಲ್ಲಿಯ ಕಿಸ್ಟಾ ಬಡಾವಣೆಯ ಟೆಲಿಕಾಂ ಆಫೀಸಿನಲ್ಲಿ ಕೆಲಸ, ನಾನು ಅವಳ ವೀಸಾದ ಬಾಲ. ನೀಲಿ ಮೆಟ್ರೊ ಲೈನಿನಲ್ಲಿ ಕೂತರೆ ಡಬ್ಬಿ ತುಂಬ ಜನ, ಆದರೆ ಒಂದು ಪಿಸುಮಾತಿಲ್ಲ. ನಾನು ಪಕ್ಕದವರ ಕಡೆ ತಿರುಗಿ ನಕ್ಕರೆ ಅವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತಿದ್ದರು. ಅಡುಗೆಯನ್ನೇ ಮಾಡದ ಊರಿನಲ್ಲಿ ಪಾತ್ರೆ ಅಂಗಡಿ ತೆರೆದವನ ಹಾಗಾಗಿತ್ತು ನನ್ನ ಸ್ಥಿತಿ. ಗೋಡೌನಿನಲ್ಲಿ ಪೆಟ್ಟಿಗೆ ಎತ್ತಿದೆ, ಬೆಳಿಗ್ಗೆ ಹಿಮ ತೋಡಿದೆ. ಈ ದೇಶದಲ್ಲಿ ಕೈಗೆ ಕೆಲಸ ಸಿಗುತ್ತದೆ. ಆದರೆ ಬಾಯಿಗೆ? ನಾನು ಯಾವುದರಲ್ಲಿ ನಾನಾಗಿದ್ದೆನೋ ಅದಕ್ಕೆ ಇಲ್ಲಿ ಜಾಗವೇ ಇಲ್ಲವೇನೋ ಎಂದು... ಅದನ್ನು ನಿಮಗೆ ಫೋನಿನಲ್ಲಿ ಹೇಳಲಿಲ್ಲ. ‘ಆರಾಮಿದೀನಿ’ ಅಂದೆ. ಮಾತಿನವರಿಗೆ ಆ ಒಂದು ಪದ ಸಾಕು, ಎಲ್ಲವನ್ನೂ ಮುಚ್ಚಲು.

ಆಮೇಲೆ ಮ್ಯೂಸಿಯಂ ಕೆಲಸ ಸಿಕ್ಕಾಗ ನೀವು ನಕ್ಕಿದ್ದಿರಿ. ಈಜಿಪ್ಟಿನ ಹಳೆಯ ವಸ್ತುಗಳ ಹಾಲ್‌ನಲ್ಲಿ ಕಾವಲು ನಿಲ್ಲುವುದು, ಕರೆದ ದಿನ ಮಾತ್ರ ಹೋಗುವುದು. “ಕಲ್ಲಿನ ಗೊಂಬಿ ಕಾಯೂದಾ? ಅವೆಲ್ಲಿ ಓಡಿ ಹೊಕ್ಕಾವಪಾ?” ನಿಜ, ಅವು ಓಡುವುದಿಲ್ಲ. ಓಡುತ್ತಿದ್ದವರು ಜನ. ಒಳಗೆ ಬಂದವರೆಲ್ಲ ನೇರ ಮಮ್ಮಿ ಮಾಡಿಟ್ಟ ಬೆಕ್ಕಿನ ಹತ್ತಿರ ಓಡುತ್ತಿದ್ದರು. ಅವರ ದಾರಿಯಲ್ಲಿ ಒಬ್ಬ ಕೂತಿದ್ದ. ಕಪ್ಪು ಕಲ್ಲಿನ ಮನುಷ್ಯ. ಚೌಕಾಕಾರದ ಕುರ್ಚಿ, ಮಂಡಿಯ ಮೇಲೆ ಅಂಗೈ, ಮುರಿದ ಮೂಗು. ಯಾರೂ ಅವನ ಮುಂದೆ ನಿಲ್ಲುತ್ತಿರಲಿಲ್ಲ. ನಾನು ನಿಂತೆ, ಬೇರೆ ಕೆಲಸವಿರಲಿಲ್ಲವಲ್ಲ! ಕುರ್ಚಿಯ ಪಕ್ಕಕ್ಕೆ ಸಾಲುಸಾಲಾಗಿ ಹಕ್ಕಿ, ಹಾವು, ರೊಟ್ಟಿಯಂಥ ಚಿತ್ರಾಕ್ಷರ, ಬಲು ನಾಜೂಕು. ಕೊನೆಯಲ್ಲಿ ಮಾತ್ರ ಕಲ್ಲು ಒಂದು ಅಂಗೈಯಗಲ ತಗ್ಗಾಗಿ ಒರಟಾಗಿದೆ, ಆ ತಗ್ಗಿನಲ್ಲಿ ಬೇರೆಯೇ ಕೈಯ ದಪ್ಪ ಅಕ್ಷರ. ನಿಮ್ಮ ಅಂಗಡಿಯಲ್ಲಿ ಬೆಳೆದ ಕಣ್ಣಿಗೆ ಅದು ತಿಳಿಯದೇ? ಹೆಸರು ಬದಲಿ ಕೇಸು!

ಬೋರ್ಡು ಓದಿದೆ. ಸ್ವೀಡಿಷು ಆಗ ನನಗೆ ಬಸ್ಸಿನ ಬೋರ್ಡಿನಷ್ಟೇ ಬರುತ್ತಿತ್ತು. ಆದರೆ ನಡುವೆ ಒಂದು ಪದ ಸ್ಪಷ್ಟವಾಗಿತ್ತು: ಎಸ್, ಟಿ, ಓ, ಎಲ್, ಇ, ಎನ್. ಸ್ಟೋಲನ್. ಕದ್ದದ್ದು! ಒಂದಲ್ಲ, ಎರಡು ಸಲ ಬರೆದಿದ್ದರು. ಆ ಭಾನುವಾರ ನಿಮಗೆ ಹೇಳಿದಾಗ ನೀವು ಎದ್ದೇ ನಿಂತಿರಂತೆ, ಮಾಮಿ ಹೇಳಿದರು.

“ಕದ್ದ ಮಾಲು ಅಂತ ಅವರ ಬೋರ್ಡ್ ಹಚ್ಯಾರಾ?”

“ಹೂಂ ಮಾಮೂ. ಇಂಗ್ಲಿಷಲ್ಲೇ ಹಾಕಿದಾರೆ, ಎಲ್ಲರಿಗೂ ತಿಳೀಲಿ ಅಂತ.”

“ಶಾಬ್ಬಾಸ್! ಊರಂದ್ರ ಅದಪಾ ಊರು!”

ಮರುದಿನ ಇಡೀ ಮಾರ್ಕೆಟ್ಟಿಗೆ ಡಂಗುರ ಹೊಡೆದಿರಿ. ಎದುರಿನ ಪಾತ್ರೆ ಅಂಗಡಿಯ ವೀರಭದ್ರಪ್ಪನವರಿಗಂತೂ ರಸ್ತೆ ದಾಟಿ ಹೋಗಿ ಹೇಳಿದಿರಿ: “ನಿನ್ನ ಅಂಗಡ್ಯಾಗ ಹಂಗ ಬೋರ್ಡ್ ಹಚ್ಚಾಕ ನಿಂತ್ರ ಗ್ವಾಡಿ ಸಾಲೂದಿಲ್ಲಲೇ ಈರಭದ್ರಾ!” ಹಗಲೆಲ್ಲ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕೂಗಿ ಕರೆಯುತ್ತ, ಸಂಜೆ ಒಂದೇ ಕಪ್ಪಿನ ಚಹಾ ಹಂಚಿಕೊಳ್ಳುತ್ತಿದ್ದ ನಿಮ್ಮಿಬ್ಬರ ಸ್ನೇಹವೋ ಜಗಳವೋ ನನಗೆ ಕೊನೆಗೂ ಅರ್ಥವಾಗಲಿಲ್ಲ.

ನೀವು ಹೋದ ಮುಂದಿನ ವರ್ಷ ಮ್ಯೂಸಿಯಮ್ಮಿನಲ್ಲಿ ಒಂದು ಗೈಡ್ ಜಾಗ ಖಾಲಿಯಾಯಿತು. ಕಾಯಂ ಕೆಲಸ. ಮಾತಾಡುವ ಕೆಲಸ! ಅಷ್ಟರಲ್ಲಿ ನನ್ನ ಸ್ವೀಡಿಷು ಚೌಕಾಸಿ ಮಾಡುವಷ್ಟು ಬೆಳೆದಿತ್ತು. ಗೈಡುಗಳ ಮುಖ್ಯಸ್ಥೆ ಕಾರಿನ್, ಈಜಿಪ್ಟಿನ ಅಕ್ಷರಗಳನ್ನು ನಾವು ಪೇಪರು ಓದಿದಂತೆ ಓದುವ ಹೆಂಗಸು. ಅವರ ಷರತ್ತು ಸರಳ: ಹಾಲ್‌ನ ಒಂದು ವಸ್ತು ಆರಿಸಿಕೊ, ಭಾನುವಾರ ಬರುವ ಸಾಮಾನ್ಯ ಜನರ ಮುಂದೆ ಮಾತಾಡು, ಜನ ನಿಲ್ಲುತ್ತಾರೋ ಹೋಗುತ್ತಾರೋ ನೋಡೋಣ. ಹೋದರೆ ನಾನೂ ಹೋದಂತೆ. ಕಾವಲಿನ ಪಾಳಿಗಳೂ ಕಡಿಮೆಯಾಗುತ್ತಿದ್ದವು, ಮತ್ತೆ ಗೋಡೌನೇ ಗತಿ. ಶಬಾನಾ ಪಕ್ಕಾ ಬೆಂಗಳೂರಿನ ಲೆಕ್ಕ ಹಾಕಿದಳು: “ಬೆಕ್ಕು ತಗೊಳ್ರೀ. ಬೆಕ್ಕು ಸೇಫ್. ಆ ಮೂಗಿಲ್ಲದೋನನ್ನ ಕಟ್ಕೊಂಡು ಯಾಕೆ ರಿಸ್ಕು?” ನಾನು ಮೂಗಿಲ್ಲದವನನ್ನೇ ಆರಿಸಿದೆ. ಬೆಕ್ಕನ್ನು ಯಾರು ಬೇಕಾದರೂ ಮಾರುತ್ತಾರೆ. ಅದರಲ್ಲೇನು ವ್ಯಾಪಾರ?

ಜೊತೆಯ ಕಾವಲುಗಾರ ಲಾರ್ಸ್‌ನ ಮುಂದೆ ಭಾಷಣ ಒಪ್ಪಿಸಿದ ಆ ಬೆಳಿಗ್ಗೆಯನ್ನು ಹೇಗೆ ವರ್ಣಿಸಲಿ? ಇಲ್ಲಿಯವರು ದಿನಕ್ಕೆರಡು ಸಲ ಎಲ್ಲ ಕೆಲಸ ಬಿಟ್ಟು ಕಾಫಿ ಕುಡಿಯುತ್ತಾರೆ, ಫೀಕಾ ಎನ್ನುತ್ತಾರೆ. ಲಾರ್ಸ್ ಒಂದು ಫೀಕಾಕ್ಕೆ ಒಂದು ವಾಕ್ಯ ಆಡುವ ಮನುಷ್ಯ. ನಾನು ಎದ್ದು ನಿಂತು, ಕೈ ಚಾಚಿ, ಸ್ವೀಡಿಷಿನಲ್ಲಿ ಶುರು ಮಾಡಿದೆ: “ಬೇರೆ ದೇಶದವರು ಮುಚ್ಚಿಡುತ್ತಾರೆ. ನೀವು ಮಾತ್ರ ಧೈರ್ಯವಾಗಿ ಬೋರ್ಡಿನಲ್ಲೇ ಬರೆದಿದ್ದೀರಿ, ಅದೂ ಇಂಗ್ಲಿಷಿನಲ್ಲಿ. ಸ್ಟೋಲನ್!”

ಲಾರ್ಸ್ ದಾಲ್ಚಿನ್ನಿ ಬನ್ನನ್ನು ತಟ್ಟೆಯಲ್ಲಿಟ್ಟ. “ಎಲ್ಲಿ?”

“ಬೋರ್ಡಿನಲ್ಲಿ. ಎರಡು ಸಲ.”

ಅವನು ಬೆರಳಿಗೆ ಅಂಟಿದ ಸಕ್ಕರೆಯನ್ನು ಒರೆಸಿಕೊಂಡ. “ಅದು ಇಂಗ್ಲಿಷಲ್ಲ.”

“ಮತ್ತೆ?”

ತಾನು ಕೂತಿದ್ದ ಆಸನವನ್ನು ಅಂಗೈಯಿಂದ ತಟ್ಟಿದ. “ಸ್ಟೂಲೆನ್,” ಎಂದ. “ಇದು. ಕುರ್ಚಿ.”

ಸ್ಟೂಲು, ಮಾಮೂ! ನಮ್ಮ ಅಂಗಡಿಯಲ್ಲಿ ನೀವು ಕೂರುತ್ತಿದ್ದ ಸ್ಟೂಲು! ಸ್ವೀಡಿಷಿನಲ್ಲಿ ಕುರ್ಚಿಗೆ ‘ಸ್ಟೂಲ್’ ಎನ್ನುತ್ತಾರೆ, ‘ಆ ಕುರ್ಚಿ’ ಎನ್ನಲು ಬಾಲಕ್ಕೆ ‘ಎನ್’ ಸೇರಿಸುತ್ತಾರೆ. ಬರೆದರೆ ಅಚ್ಚು ಇಂಗ್ಲಿಷಿನ ‘ಸ್ಟೋಲನ್’. ನಾನು ದಿನವೂ ಆ ಪದ ಹೇಳಿ, ಎಳೆದುಕೊಂಡು ಕೂರುತ್ತಿದ್ದವನು. ಆದರೂ ಬೋರ್ಡಿನ ಮೇಲೆ ಅದು ನನಗೆ ಕಳ್ಳತನವಾಗಿಯೇ ಕಾಣುತ್ತಿತ್ತು. ಮೊದಲ ದಿನ ಓದಿದ್ದು ಮನಸ್ಸಿನಲ್ಲಿ ಕೊರೆದುಹೋಗಿತ್ತು, ಇನ್ನೊಮ್ಮೆ ಓದಬೇಕೆಂದೇ ಅನ್ನಿಸಿರಲಿಲ್ಲ. ಬೋರ್ಡು ಹೇಳುತ್ತಿದ್ದುದು ಇಷ್ಟೇ: ಕುರ್ಚಿಯ ಪಕ್ಕದಲ್ಲಿರುವ ಹೆಸರು ಅನಂತರದ್ದು, ಕುರ್ಚಿಯ ಹಿಂಭಾಗ ಮುರಿದಿದೆ. ಲಾರ್ಸ್ ಬನ್ನು ಎತ್ತಿಕೊಂಡ. “ನೀನು ಯಾಕೆ ಆ ಬೋರ್ಡನ್ನು ನೋಡಿ ದಿನವೂ ನಮಗೆ ಕೈ ಮುಗಿದಷ್ಟು ಮರ್ಯಾದೆ ಕೊಡ್ತೀಯ ಅಂತ ನಮಗೆಲ್ಲ ಆಶ್ಚರ್ಯ ಇತ್ತು,” ಎಂದ. ಅವನು ಒಟ್ಟಿಗೆ ಅಷ್ಟು ಪದ ಆಡಿದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲವಂತೆ.

ನನ್ನ ಭಾಷಣದ ಕಾಲು ಮುರಿಯಿತು. ಕಳ್ಳನೇ ಇಲ್ಲದೆ ಕಳ್ಳನ ಕಥೆ ಹೇಗೆ ಹೇಳಲಿ? ಪೆಚ್ಚಾಗಿ ಕಾರಿನ್ ಹತ್ತಿರ ಹೋದೆ. ಅವರು ನಗಲಿಲ್ಲ. ಅಥವಾ ಸ್ವೀಡಿಷರಂತೆ ಒಳಗೊಳಗೇ ನಕ್ಕಿರಬೇಕು. ನನ್ನನ್ನು ಕುರ್ಚಿಯ ಪಕ್ಕಕ್ಕೆ ಕರೆದುಕೊಂಡು ಹೋಗಿ ಟಾರ್ಚನ್ನು ಓರೆಯಾಗಿ ಹಿಡಿದು ಓದಿದರು. ಇದು ಪ್ರಾರ್ಥನೆ. ರೊಟ್ಟಿ ಸಿಗಲಿ, ಬಿಯರು ಸಿಗಲಿ, ಒಳ್ಳೆಯದೆಲ್ಲ ಸಿಗಲಿ, ಇಂಥವನಿಗೆ. ಆ ‘ಇಂಥವನಿಗೆ’ ಇರುವಲ್ಲಿ ಮೊದಲ ಹೆಸರನ್ನು ಬಡಿದು ತೆಗೆದು, ಹಲವು ತಲೆಮಾರಿನ ಮೇಲೆ ಬಂದ ಇನ್ನೊಬ್ಬ ಅಧಿಕಾರಿ ತನ್ನ ಹೆಸರು ಹಾಕಿಸಿಕೊಂಡಿದ್ದಾನೆ. ಮುಖ ಮುಟ್ಟಿಲ್ಲ. ಪ್ರಾರ್ಥನೆ ಮುಟ್ಟಿಲ್ಲ.

“ಪ್ರಾರ್ಥನೆ ಯಾಕೆ ಉಳಿಸಿದ?” ಎಂದು ಕೇಳಿದೆ.

“ಯಾಕೆ ಅಳಿಸಬೇಕು?” ಅಂದರು ಕಾರಿನ್. “ರೊಟ್ಟಿ ಅವನಿಗೂ ಬೇಕಲ್ಲ.”

ನೀವೇ ಸ್ವೀಡಿಷಿನಲ್ಲಿ ಮಾತಾಡಿದ ಹಾಗಿತ್ತು. ಆ ಎರಡನೆಯವನು ಕದ್ದನೋ, ಕೊಂಡನೋ, ಹಳೆಯವನ ಮೇಲಿನ ಗೌರವಕ್ಕೇ ಇಟ್ಟುಕೊಂಡನೋ? ಕಾರಿನ್ ತಲೆಯಾಡಿಸಿದರು: “ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದನ್ನೂ ಗೈಡು ಚೆನ್ನಾಗಿ ಹೇಳಬೇಕು.” ಸರಿ. ಕಳ್ಳ ಹೋದರೆ ಹೋಗಲಿ, ನನಗೆ ಸೆರಗಿನಡಿ ಡಬ್ಬಿ ಮುಚ್ಚಿಕೊಂಡು ಬಂದ ಗಿರಾಕಿ ಸಿಕ್ಕಿದ್ದ.

ಪರೀಕ್ಷೆಯ ಭಾನುವಾರ, ನನ್ನ ಮದುವೆಗೆ ನೀವು ಕೊಟ್ಟ ಸ್ಟೀಲ್ ಡಬ್ಬಿಯ ಸಕ್ಕರೆಯನ್ನು ಬೇರೆ ಪಾತ್ರೆಗೆ ಸುರಿದು, ತೊಳೆದು, ಕಂಕುಳಲ್ಲಿಟ್ಟುಕೊಂಡು ಹೋದೆ. ಕೈಬರಹ ತೋರಿಸಲು ಬೇರೇನಿತ್ತು ನನ್ನ ಹತ್ತಿರ? ‘ಸಪ್ರೇಮ ಉಡುಗೊರೆ’, ನಿಮ್ಮ ಹೆಸರು, ಪಕ್ಕದಲ್ಲಿ ಚೆಂದದ ಬಳ್ಳಿ. ಜನ ಬಂದರು, ಬೆಕ್ಕಿನ ಕಡೆ ನಡೆದರು. ಕಾರಿನ್ ಹಿಂದೆ ಪೆನ್ನು ಹಿಡಿದು ನಿಂತಿದ್ದರು. ನಾನು ಗಲ್ಲೆಯ ಮುಂದೆ ನಿಂತ ದನಿಯಲ್ಲಿ ಕೂಗಿದೆ: “ಈ ಬೋರ್ಡಿನ ಪ್ರಕಾರ ಇವನು ಕದ್ದ ಮಾಲು ಅಂತ ನಾನು ನಮ್ಮೂರಿಗೆಲ್ಲ ಹೇಳಿದ್ದೆ. ಯಾಕೆ ಅಂತ ಓದಿ ನೋಡಿ!” ನಾಲ್ಕಾರು ಜನ ತಿರುಗಿದರು. ಬೋರ್ಡು ಓದಿದರು. ಒಬ್ಬರಿಗೆ ಮೊದಲು ಹೊಳೆಯಿತು, ಮೂಗಿನಲ್ಲಿ ನಕ್ಕರು, ಆಮೇಲೆ ಎಲ್ಲರೂ. ಬೆಕ್ಕಿನ ಹತ್ತಿರ ಹೋದವರು ಏನಾಯಿತೆಂದು ವಾಪಸ್ಸು ಬಂದರು. ಅಲ್ಲಿಗೆ ಅಂಗಡಿ ತೆರೆಯಿತು.

ಪಾತ್ರೆಯ ಕಥೆ ಹೇಳಿದೆ, ಬಳ್ಳಿಯ ಕಥೆ ಹೇಳಿದೆ, ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿದೆ. ಕೆಂಪು ಉಣ್ಣೆ ಟೋಪಿಯ ಒಬ್ಬ ಮುದುಕಿ ಅದನ್ನು ದೀಪಕ್ಕೆ ಓರೆಯಾಗಿ ಹಿಡಿದರು. “ಇಲ್ಲಿ ಎಲೆಗಳ ಕೆಳಗೆ ಇನ್ನೇನೋ ಬರೆದಿದೆ,” ಎಂದರು.

“ಇಲ್ಲ, ಅದು ಬರೀ ಅಲಂಕಾರ. ಇದು ನನ್ನ ಮಾವ ನನಗೇ ಅಂತ ಕೊಟ್ಟಿದ್ದು.”

“ನೋಡಿ ಸ್ವಲ್ಪ,” ಎಂದು ಡಬ್ಬಿ ಚಾಚಿದರು.

ನೋಡಿದೆ. ಇಷ್ಟು ವರ್ಷ ದಿನವೂ ಸಕ್ಕರೆ ತೆಗೆದ ಡಬ್ಬಿ. ಮೊಗ್ಗಿನ ಕೆಳಗೆ ಒಂದು ‘ವೀ’. ಎಲೆಯ ತೊಟ್ಟಿನಲ್ಲಿ ‘ಭ’. ಹೂವಿನೊಳಗೆ ಸುತ್ತಿಕೊಂಡು ಕೂತ ‘ಪ್ಪ’... ವೀರಭದ್ರಪ್ಪ! ಎದುರಂಗಡಿಯವನಾ, ಮಾಮೂ? ಸ್ವಂತ ಅಳಿಯನ ಮದುವೆಗೆ ಎದುರಂಗಡಿಯವನು ಕೊಟ್ಟ ಡಬ್ಬಿಯಾ?

ಕಾರಿನ್ ಪೆನ್ನು ನಿಂತಿತು. ನನಗೆ ಸ್ವೀಡಿಷಿನ ಒಂದು ಪದವೂ ನೆನಪಾಗಲಿಲ್ಲ. ಕೆಲಸ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ನಿಮ್ಮ ಮೀಸೆಯಡಿಯ ಆ ನಗು ಎಲ್ಲಿಂದಲೋ ನನ್ನ ಹೊಟ್ಟೆಯೊಳಗೆ ಹೊಕ್ಕಿತು ನೋಡಿ, ತಡೆಯಲಾಗಲಿಲ್ಲ. ಆ ಕಲ್ಲಿನವನ ಕುರ್ಚಿಗೆ ಇನ್ನೇನು ಒರಗಬೇಕು, ಲಾರ್ಸ್ ಓಡಿ ಬಂದು ಹಿಡಿದ. ಕಣ್ಣೊರೆಸಿಕೊಂಡು, ಸಿಕ್ಕ ಸಿಕ್ಕ ಸ್ವೀಡಿಷಿನಲ್ಲಿ, ಎದುರಂಗಡಿಯ ಕಥೆಯನ್ನೆಲ್ಲ ಹೇಳಿದೆ. ವ್ಯಾಕರಣ ಪೂರಾ ದಿವಾಳಿ. ಯಾರಿಗೂ ಅದು ಬೇಕಿರಲಿಲ್ಲ. ಸ್ವೀಡಿಷರು ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೀವು ನೋಡಬೇಕಿತ್ತು, ಮಾಮೂ!

“ಹಾಗಾದರೆ ನಿಮಗೆ ಸಿಟ್ಟಿಲ್ಲವೇ?” ಎಂದರು ಕೆಂಪು ಟೋಪಿಯವರು.

“ಇಷ್ಟು ವರ್ಷ ಅದರಲ್ಲಿ ಸಕ್ಕರೆ ಇಟ್ಟಿದ್ದೇವೆ,” ಅಂದೆ. “ಸಕ್ಕರೆಗೆ ಏನೂ ವ್ಯತ್ಯಾಸ ಆಗಿಲ್ಲ.”

ಆಮೇಲೆ ನಾನು ಮಾತಾಡುವುದೇ ಉಳಿಯಲಿಲ್ಲ. ಅವರೇ ಮಂಡಿಯೂರಿ, ಕತ್ತು ಓರೆ ಮಾಡಿ, ಕುರ್ಚಿಯ ಆ ತಗ್ಗಿನಲ್ಲಿ ಹಳೆಯ ಅಕ್ಷರದ ಗುರುತು ಹುಡುಕತೊಡಗಿದರು. ಒಬ್ಬರನ್ನೊಬ್ಬರು ಕರೆದು ತೋರಿಸಿದರು. ಗುರುತು ಪರಿಚಯ ಇಲ್ಲದವರು, ಈ ಊರಿನಲ್ಲಿ, ಒಬ್ಬರನ್ನೊಬ್ಬರು! ಬೆಕ್ಕು ತನ್ನ ಗಾಜಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ಕೂತಿತ್ತು. ಕೊನೆಗೆ ಕಾರಿನ್ ಹತ್ತಿರ ಬಂದು ‘ಕೆಟ್ಟದಾಗಿರಲಿಲ್ಲ’ ಎಂದಷ್ಟೇ ಹೇಳಿ ಹೋದರು. ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬಂದೆ. ಶಬಾನಾ ಕೂಗಿಕೊಂಡಳು: “ಅಯ್ಯೋ ನಿಮ್ಮ! ಇಲ್ಲಿಯವರು ಅದಕ್ಕಿಂತ ಜಾಸ್ತಿ ಹೊಗಳೋದೇ ಇಲ್ಲ ಕಣ್ರೀ. ಸೆಲೆಕ್ಟ್ ಆಗಿದೀರಾ!” ಮಂಗಳವಾರ ಕಾಗದ ಬಂತು. ನಿಮ್ಮ ಅಳಿಯನ ಬಾಯಿಗೆ ಈ ದೇಶದಲ್ಲಿ ಕೆಲಸ ಸಿಕ್ಕಿತು, ಕಾಯಂ.

ಇಷ್ಟೇ ಆಗಿದ್ದರೆ ಬರೆಯಲು ಇನ್ನೊಂದು ವಾರ ತಡೆಯುತ್ತಿದ್ದೆನೋ ಏನೋ. ಹೋದ ವಾರದ ಶನಿವಾರ ಏನಾಯಿತು ಕೇಳಿ. ಇಲ್ಲಿಯ ಕನ್ನಡದ ಮನೆಗಳವರೆಲ್ಲ ಸೇರಿ ಕನ್ನಡದಲ್ಲಿ ಒಂದು ಟೂರು ಬೇಕೆಂದು ಕೇಳಿದ್ದರು. ಕಿಸ್ಟಾದ ಎಂಜಿನಿಯರುಗಳು, ಮಂಗಳೂರು ಕಡೆಯ ಇಬ್ಬರು ನರ್ಸುಗಳು, ಸ್ವೀಡಿಷಿನಲ್ಲೇ ಉತ್ತರ ಕೊಡುವ ಮಕ್ಕಳು. ಮಗನ ಮನೆಗೆ ಬಂದಿದ್ದ ಗದಗಿನ ಅಜ್ಜಿಯೊಬ್ಬರು ಇಳಕಲ್ ಸೀರೆಯ ಮೇಲೆ ಮಗನ ದೊಡ್ಡ ಜಾಕೀಟು ತೊಟ್ಟು ಮುಂದೆಯೇ ನಿಂತಿದ್ದರು. ನಾನು ಮಾತಿನ ಭರದಲ್ಲಿದ್ದೆ. ಎರಡನೆಯ ಯಜಮಾನ ಹಾಗೆ, ಎರಡನೆಯ ಯಜಮಾನ ಹೀಗೆ... ಅಜ್ಜಿ ಕೈಯೆತ್ತಿ ನಿಲ್ಲಿಸಿದರು.

“ಎಲ್ಲಾ ಈ ಎರಡನೇದಾಂವನ ಸುದ್ದಿನ ಹೇಳಾಕತ್ತೀಯಲ್ಲಪಾ. ಮೊದಲನೇದಾಂವಾ ಪಾಪ, ಅವನ ಹೆಸರೇನಿತ್ತು?”

ಇಷ್ಟು ಟೂರು ಮಾಡಿದ್ದೇನೆ, ಯಾರೂ ಕೇಳಿರಲಿಲ್ಲ. “ಅದನ್ನ ಬಡಿದು ತೆಗೆದಿದಾರೆ ಅಜ್ಜಿ. ಮುಂದಿನ ಭಾಗ ಪೂರ್ತಿ ಹೋಗಿದೆ. ಕೊನೇದು ಮಾತ್ರ ಮಸುಕಾಗಿ ಉಳಿದಿದೆ.”

“ಉಳದದ್ನರ ಹೇಳಪಾ.”

ಹಿಂದೆ ನಿಂತಿದ್ದ ಕಾರಿನ್‌ಗೆ ಸ್ವೀಡಿಷಿನಲ್ಲಿ ಕೇಳಿದೆ. ಅವರು ಟಾರ್ಚು ಹಿಡಿದು ನಿಧಾನವಾಗಿ ಓದಿದರು: “...ಹೋತೆಪ್.”

“ಹೋತಪ್ಪಾ?” ಎಂದರು ಅಜ್ಜಿ.

ಒಂದು ಕ್ಷಣ ಅಷ್ಟೇ. ನಮ್ಮ ಕಡೆಯವರಿಗೆಲ್ಲ ಒಟ್ಟಿಗೆ ಹೊಳೆಯಿತು. ಹೋಯಿತು ಅನ್ನಲು ನಾವು ‘ಹೋತು’ ಎನ್ನುವವರಲ್ಲವೇ? ಮಳೆ ಹೋತು, ಕರೆಂಟು ಹೋತು, ಎಲ್ಲಾ ಹೋತಪ್ಪಾ! ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಆ ಕಪ್ಪು ಕಲ್ಲಿನವನನ್ನು ಮೇಲಿಂದ ಕೆಳಗೆ ನೋಡಿದರು. “ಯಪ್ಪಾ, ಹೋತಪ್ಪಾ ಅಂತ ಹೆಸರಿಟಗೊಂಡು ಗಟ್ಟಿ ಆಗಿ ಇಲ್ಲೇ ಕುಂತಾನ ನೋಡ್ರಿ! ಎಲ್ಲಿಗೂ ಹೋಗಿಲ್ಲ ಇಂವಾ!”

ಆ ನಗುವಿನ ನಡುವೆ ಕಾರಿನ್ ನನ್ನ ತೋಳು ಜಗ್ಗಿ ಏನಾಯಿತೆಂದು ಕೇಳಿದರು. ಹೇಳಿದೆ. ಹಳೆಯ ಈಜಿಪ್ಟಿನವರ ಭಾಷೆಯಲ್ಲಿ ‘ಹೋತೆಪ್’ಗೆ ‘ತೃಪ್ತನಾದ, ನೆಮ್ಮದಿಯಿಂದಿದ್ದಾನೆ’ ಎಂದರ್ಥವಂತೆ. ಹೆಸರನ್ನು ಬಾಯಿಬಿಟ್ಟು ಹೇಳುವವರು ಇರುವವರೆಗೆ ಮನುಷ್ಯ ಇರುತ್ತಾನೆ ಎಂದು ಆ ಕಾಲದವರು ನಂಬಿದ್ದರಂತೆ. ನಾನು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಮಕ್ಕಳು ಶುರು ಹಚ್ಚಿದವು. ಮನೆಯಲ್ಲಿ ಒಂದು ಕನ್ನಡ ಪದ ಆಡಲು ನೂರು ನಖರಾ ಮಾಡುವ ಮಕ್ಕಳು, ಕೊರಳ ನರ ಉಬ್ಬಿಸಿ: “ಹೋತಪ್ಪಾ! ಹೋತಪ್ಪಾ!”

ಪಕ್ಕದ ಹಾಲ್‌ನಿಂದ ಲಾರ್ಸ್ ತುಟಿಯ ಮೇಲೆ ಬೆರಳಿಟ್ಟುಕೊಂಡು ಓಡಿ ಬಂದ. ಕಾರಿನ್ ಅವನನ್ನು ಸುಮ್ಮನಿರಿಸಿದರು. ಎಷ್ಟೋ ಸಾವಿರ ವರ್ಷ ಯಾರೂ ಕೂಗದ ಹೆಸರು, ಅದೂ ಅರ್ಧ ಹೆಸರು, ಆ ಎತ್ತರದ ಛಾವಣಿಗೆ ತಾಗಿ ನಮ್ಮ ಮೇಲೆಯೇ ಬಿತ್ತು. ಇನ್ನು ಮುಂದೆ ನನ್ನ ಟೂರುಗಳೆಲ್ಲ ಮೊದಲನೆಯವನಿಂದಲೇ ಶುರುವಾಗುತ್ತವೆ, ಮಾಮೂ, ಸ್ವೀಡಿಷಿನದಾದರೂ ಸರಿ. ಲಾರ್ಸ್‌ಗೂ ‘ಹೋತಪ್ಪಾ’ ಹೇಳಿಕೊಟ್ಟಾಗಿದೆ. ಅವನು ಬೆಳಿಗ್ಗೆ ದೀಪ ಹಾಕುವಾಗ ಅತ್ತಿತ್ತ ನೋಡಿ, ಕುರ್ಚಿಯ ಹತ್ತಿರ ಬಗ್ಗಿ, ಆ ದಿನದ ತನ್ನ ಮೊದಲ ಮಾತನ್ನು ಆ ಹೆಸರಿಗೇ ಖರ್ಚು ಮಾಡುತ್ತಾನೆ.

ನಿಮ್ಮ ಅಳಿಯ,
ಇಮ್ತಿಯಾಜ್, ಗೈಡು